ಹತ್ತು ದಿನದ ಶಿಬಿರ ಮುಗಿಸಿ ಮನೆಗೆ ಮರಳಿದವರಿಗೆ



ವಿಪಶ್ಯನಾ ಶಿಬಿರಕ್ಕೆ ಹೋಗಿ ಬಂದು, ಮನೆಯಲ್ಲಿ ದಿನವೂ ಕೂರಲಾಗದೆ ಒಳಗೊಳಗೇ ಬೇಯುತ್ತಿರುವ ನಿಮಗಾಗಿ ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮಂಥ ಎಷ್ಟೋ ಜನರನ್ನು ಶಿಬಿರದ ಹತ್ತನೇ ದಿನ ನೋಡಿದ್ದೇನೆ. ಅಡುಗೆಮನೆಯ ಸೇವೆಗೆ ಹೋದವರಿಗೆ ಆ ದಿನದ ಸಡಗರ ಚೆನ್ನಾಗಿ ಗೊತ್ತು. ಒಂಬತ್ತು ದಿನ ಒಬ್ಬರ ಮುಖ ಒಬ್ಬರು ನೋಡದೆ ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರು, ಬೆಳಿಗ್ಗೆ ಮೈತ್ರಿ ಧ್ಯಾನ ಮುಗಿದು ಮೌನ ಬಿಟ್ಟ ಕೂಡಲೇ ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬಂದು ಮಾತಾಡುತ್ತಾರೆ. "ಇನ್ಮೇಲೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ, ತಪ್ಪಿಸೋ ಮಾತೇ ಇಲ್ಲ" ಎನ್ನುತ್ತಾರೆ. ಆ ಹೊತ್ತಿನಲ್ಲಿ ಆ ಮಾತು ನೂರಕ್ಕೆ ನೂರು ನಿಜ.

ಆಮೇಲೆ ಮನೆ. ಮೊದಲ ವಾರ ಹೇಗೋ ನಡೆಯುತ್ತದೆ. ಎರಡನೇ ವಾರ ನೆಂಟರು ಬರುತ್ತಾರೆ, ಮಗುವಿನ ಪರೀಕ್ಷೆ ಬರುತ್ತದೆ, ಆಫೀಸಿನಲ್ಲಿ ಮಾರ್ಚ್ ತಿಂಗಳ ಲೆಕ್ಕಪತ್ರ ಬರುತ್ತದೆ. ಮೊದಲು ಸಂಜೆಯದು ಬಿಟ್ಟುಹೋಗುತ್ತದೆ. ಬೆಳಗಿನದು ಅರ್ಧ ಗಂಟೆಗೆ ಇಳಿಯುತ್ತದೆ, ಆಮೇಲೆ ಭಾನುವಾರಕ್ಕೆ ಉಳಿಯುತ್ತದೆ. ಕೊನೆಗೆ ಕೂರುವ ದಿಂಬು ಬೀರುವಿನ ಮೇಲಿನ ಖಾನೆ ಸೇರುತ್ತದೆ. "ನಾನು ಸೋಮಾರಿ ಅಕ್ಕಾ, ನನ್ನ ಕೈಲಿ ಆಗಲ್ಲ" ಎಂದು ನೀವು ಫೋನಿನಲ್ಲಿ ಹೇಳುತ್ತೀರಿ. ಆ ಮಾತನ್ನು ನಾನು ಒಪ್ಪುವುದಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ದಿನಕ್ಕೆ ಹತ್ತು ಗಂಟೆಯಷ್ಟು ಹೊತ್ತು ಕೂತು, ವಿಪಶ್ಯನಾ ಕೊಟ್ಟ ಮೇಲೆ ಮಂಡಿ ಸಿಡಿಯುತ್ತಿದ್ದರೂ ಅಧಿಷ್ಠಾನದಲ್ಲಿ ಗಂಟೆ ಮುಗಿಯುವತನಕ ಕೈಕಾಲು ಅಲುಗಿಸದೆ ಇದ್ದವರು ನೀವು. ಸೋಮಾರಿಗಳು ಎರಡನೇ ದಿನಕ್ಕೇ ಚೀಲ ಕಟ್ಟುತ್ತಾರೆ.

ಹಾಗಿದ್ದರೆ ಮನೆಯಲ್ಲಿ ಏನಾಗುತ್ತದೆ? ಶಿಬಿರದಲ್ಲಿ ನಾಲ್ಕು ಗಂಟೆಗೆ ಗಂಟೆ ಬಾರಿಸುತ್ತಿದ್ದರು. ನಾಲ್ಕೂವರೆಗೆ ಹಾಲ್, ಆರೂವರೆಗೆ ತಿಂಡಿ, ಎಂಟಕ್ಕೆ ಮತ್ತೆ ಹಾಲ್. ಕೂರಲೋ ಬೇಡವೋ ಎಂದು ನಿಮ್ಮನ್ನು ಯಾರೂ ಕೇಳಲಿಲ್ಲ, ನೀವೂ ಕೇಳಿಕೊಳ್ಳಲಿಲ್ಲ. ಮನೆಯಲ್ಲಿ ಆ ಪ್ರಶ್ನೆ ದಿನಾ ಬೆಳಿಗ್ಗೆ ಹೊಸದಾಗಿ ಹುಟ್ಟುತ್ತದೆ. ದಿನಾ ಅದಕ್ಕೆ ಹೊಸದಾಗಿ ಉತ್ತರ ಹುಡುಕಬೇಕು. ಅರ್ಧ ನಿದ್ದೆಯಲ್ಲಿರುವ ಮನಸ್ಸಿನ ಹತ್ತಿರ ಚರ್ಚೆಗೆ ಕೂತರೆ ಗೆಲ್ಲುವವರು ಯಾರು?

ನಮ್ಮ ಸುತ್ತಲಿನ ಮನೆಗಳನ್ನೇ ನೋಡಿ. ಕರ್ನಾಟಕದ ಹಳ್ಳಿ ಪಟ್ಟಣಗಳಲ್ಲಿ ಶತಮಾನಗಳಿಂದ ದಿನವೂ ತಪ್ಪದೆ ಕೂರುವವರಿದ್ದಾರೆ. ಬೆಳಿಗ್ಗೆ ಮಿಂದು, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ದೃಷ್ಟಿ ನೆಡುವ ಅಜ್ಜಿ, ಅದು ಮುಗಿಯುವವರೆಗೆ ತುತ್ತು ಬಾಯಿಗಿಡುವುದಿಲ್ಲ. ಜೈನರ ಮನೆಯಲ್ಲಿ ಸಾಮಾಯಿಕಕ್ಕೆ ಕೂತರೆ ಎರಡು ಘಳಿಗೆ, ಅಂದರೆ 48 ನಿಮಿಷ. ಫಜರ್ ನಮಾಜಿಗೆ ಏಳುವವರು ಚಳಿ ಇದೆಯೋ ಮಳೆ ಇದೆಯೋ ನೋಡುವುದಿಲ್ಲ. ಸಂಧ್ಯಾವಂದನೆ ಮಾಡುವ ತಾತನನ್ನು "ಇವತ್ತು ಮನಸ್ಸಿದೆಯಾ?" ಎಂದು ಕೇಳಿದರೆ ಅವರಿಗೆ ಆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಇವರೆಲ್ಲರ ತತ್ವ ಬೇರೆ, ದಾರಿ ಬೇರೆ. ಆದರೆ ಹೊತ್ತು ಗೊತ್ತು, ಜಾಗ ಗೊತ್ತು, ಅದಾದ ಮೇಲೇ ಮಿಕ್ಕಿದ್ದು. ಆ ದಿನದ ಮನಸ್ಥಿತಿಗೆ ಅಲ್ಲಿ ಓಟು ಇಲ್ಲ. ಈ ಹಿರಿಯರಿಂದ ನಾವು ಕಲಿಯಬೇಕಾದ್ದು ಬಹಳ ಇದೆ ಎಂದು ನನಗೆ ದಿನೇ ದಿನೇ ಹೆಚ್ಚು ಹೆಚ್ಚು ಅನ್ನಿಸುತ್ತಿದೆ. ಆದ್ದರಿಂದ ಹೊತ್ತನ್ನೂ ಜಾಗವನ್ನೂ ಒಮ್ಮೆ ನಿಶ್ಚಯ ಮಾಡಿಬಿಡಿ. ದೇವರ ಮನೆಯ ಮೂಲೆಯಾದರೂ ಸರಿ, ಮಂಚದ ಪಕ್ಕದ ಎರಡಡಿ ಜಾಗವಾದರೂ ಸರಿ. ದಿಂಬನ್ನು ಅಲ್ಲಿಂದ ಎತ್ತಿಡಬೇಡಿ.

ಇಷ್ಟು ಮಾಡಿದರೂ ತಡೆ ಪೂರ್ತಿ ಹೋಗುವುದಿಲ್ಲ. ಈ ಪತ್ರ ಬರೆಯಲು ಮುಖ್ಯ ಕಾರಣ ಅದೇ. ಕೂರುವ ಹೊತ್ತಿಗೆ ಸರಿಯಾಗಿ ಮನಸ್ಸು ಬೇರೇನಾದರೂ ಹುಡುಕುತ್ತದೆ. ಫೋನ್ ಚಾರ್ಜಿಗೆ ಹಾಕಬೇಕು, ಹಾಲಿನ ಪ್ಯಾಕೆಟ್ ಒಳಗಿಡಬೇಕು, ಒಂದು ಮೆಸೇಜು ನೋಡಿಬಿಡಬೇಕು. ಸುಮ್ಮನೆ ತನ್ನ ಜೊತೆ ತಾನಿರುವುದು ಮನುಷ್ಯನಿಗೆ ಎಷ್ಟು ಕಷ್ಟ ಎಂಬುದಕ್ಕೆ 2014ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಸಾಕ್ಷಿ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ತಿಮೋಥಿ ವಿಲ್ಸನ್ ಮತ್ತು ಸಂಗಡಿಗರು ಜನರನ್ನು 15 ನಿಮಿಷ ಖಾಲಿ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿದರು. ಮಾಡಲು ಕೆಲಸವಿಲ್ಲ, ಕೈಯಲ್ಲಿ ಫೋನಿಲ್ಲ. ಬೇಕೆಂದರೆ ಗುಂಡಿ ಒತ್ತಿ ತಮಗೆ ತಾವೇ ಕರೆಂಟ್ ಶಾಕ್ ಕೊಟ್ಟುಕೊಳ್ಳಬಹುದಿತ್ತು. ಆ ಶಾಕ್ ಹೇಗಿರುತ್ತದೆಂದು ಅವರಿಗೆ ಮೊದಲೇ ತೋರಿಸಲಾಗಿತ್ತು. ಇದನ್ನು ತಪ್ಪಿಸಿಕೊಳ್ಳಲು ದುಡ್ಡು ಬೇಕಾದರೂ ಕೊಟ್ಟೇವು ಎಂದು ಹೇಳಿದ್ದವರು ಅವರು. ಅಂಥವರಲ್ಲೇ 18 ಗಂಡಸರ ಪೈಕಿ 12 ಮಂದಿ, 24 ಹೆಂಗಸರ ಪೈಕಿ ಆರು ಮಂದಿ ಒಮ್ಮೆಯಾದರೂ ಗುಂಡಿ ಒತ್ತಿದರು. ಬೆಳಿಗ್ಗೆ ಐದೂವರೆಗೆ ನಿಮ್ಮ ಕೈ ತಾನಾಗಿ ಫೋನಿನ ಕಡೆ ಹೋದರೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ನೋವನ್ನಾದರೂ ಸಹಿಸಿ ಏಕಾಂತವನ್ನು ತಪ್ಪಿಸಿಕೊಳ್ಳುವುದು ಮನಸ್ಸಿನ ಹಳೆಯ ಚಾಳಿ.

ಈ ಚಾಳಿಯನ್ನು ನೋಡುವ ವಿದ್ಯೆಯನ್ನೇ ಅಲ್ಲವೇ ನೀವು ಹತ್ತು ದಿನ ಕಲಿತದ್ದು? ಮೈಯಲ್ಲಿ ಏಳುವ ಸಂವೇದನೆಯನ್ನು ಹಾಗೆಯೇ ನೋಡುವುದು, ತಳ್ಳದಿರುವುದು, ಎಳೆದುಕೊಳ್ಳದಿರುವುದು. ಧ್ಯಾನದ ಹಾಲ್‌ನಲ್ಲಿ ಮಂಡಿ ನೋವಿಗೆ, ಬೆನ್ನು ಉರಿಗೆ ಅದನ್ನು ಬಳಸಿದಿರಿ. ಮನೆಯಲ್ಲಿ ಅದೇ ವಿದ್ಯೆಯನ್ನು ಕೂರುವುದಕ್ಕೆ ಐದು ನಿಮಿಷ ಮೊದಲೇ ಬಳಸಿ ನೋಡಿ. ಅಲಾರಂ ಹೊಡೆದಿದೆ, ಏಳಲು ಮನಸ್ಸಿಲ್ಲ. ಆ 'ಮನಸ್ಸಿಲ್ಲ' ಎಂಬುದು ಮೈಯಲ್ಲಿ ಎಲ್ಲಿದೆ? ನನ್ನಲ್ಲಿ ಅದು ಎದೆಯ ಗೂಡಿನ ಕೆಳಗೆ, ಹೊಟ್ಟೆಯ ಮೇಲ್ಭಾಗದಲ್ಲಿ ಒಂದು ಭಾರವಾಗಿ ಬರುತ್ತದೆ. ಜೊತೆಗೆ ದವಡೆ ಬಿಗಿಯುತ್ತದೆ, ಹುಬ್ಬುಗಳ ನಡುವೆ ಸಣ್ಣ ಸೆಳೆತ. ಕೆಲವೊಮ್ಮೆ ತೋಳಿನಲ್ಲಿ ಶಕ್ತಿಯೇ ಇಲ್ಲ ಅನ್ನಿಸುತ್ತದೆ. ಅದನ್ನು ನಾಲ್ಕಾರು ಉಸಿರಿನಷ್ಟು ಹೊತ್ತು ಸುಮ್ಮನೆ ನೋಡಿದರೆ ಭಾರದ ಅಂಚು ಕದಲುತ್ತದೆ, ಎಡಕ್ಕೆ ಸರಿಯುತ್ತದೆ, ತೆಳುವಾಗುತ್ತದೆ, ಮತ್ತೆ ಗಟ್ಟಿಯಾಗುತ್ತದೆ. ಅದು ಪೂರ್ತಿ ಹೋಗಲಿ ಎಂದು ಕಾಯಬೇಡಿ. ಅದನ್ನು ಜೊತೆಯಲ್ಲೇ ಕರೆದುಕೊಂಡು ಹೋಗಿ ದಿಂಬಿನ ಮೇಲೆ ಕೂತುಬಿಡಿ. ಅಂದಿನ ಧ್ಯಾನ ಆಗಲೇ ಶುರುವಾಗಿದೆ. ಬೆಳಿಗ್ಗೆ ಎಚ್ಚರವಾದ ಕೂಡಲೇ ಐದು ನಿಮಿಷ, ರಾತ್ರಿ ನಿದ್ದೆಗೆ ಮುನ್ನ ಐದು ನಿಮಿಷ ಹಾಸಿಗೆಯಲ್ಲೇ ಸಂವೇದನೆ ನೋಡಿ ಎಂದು ಗೋಯೆಂಕಾ ಗುರೂಜಿ ಶಿಬಿರದ ಕೊನೆಯಲ್ಲಿ ಹೇಳುತ್ತಾರೆ. ಬಹುಪಾಲು ಜನ ಆ ಮಾತನ್ನು ಮರೆತುಬಿಡುತ್ತಾರೆ. ನನ್ನ ಮಟ್ಟಿಗೆ ಆ ಬೆಳಗಿನ ಐದು ನಿಮಿಷವೇ ಮನೆಯ ಸಾಧನೆಯ ಬೀಗದ ಕೈ.

ಇನ್ನೊಂದು ತಡೆ ಇದಕ್ಕಿಂತ ಸೂಕ್ಷ್ಮ. ಹತ್ತನೇ ದಿನದ ನೆನಪೇ ಎಷ್ಟೋ ಜನರನ್ನು ಕೂರಲು ಬಿಡುವುದಿಲ್ಲ. ಅಲ್ಲಿ ನೆತ್ತಿಯಿಂದ ಹೆಬ್ಬೆರಳವರೆಗೆ ಧಾರಾಪ್ರವಾಹ, ಮೈಯೇ ಹಗುರ. ಮನೆಯಲ್ಲಿ ಕೂತರೆ ಮೂಗಿನ ಕೆಳಗೆ ಉಸಿರೂ ಗೊತ್ತಾಗುವುದಿಲ್ಲ. ಕುಕ್ಕರ್ ಕೂಗು, ಪಕ್ಕದ ಮನೆಯ ಟಿ.ವಿ., ನಿನ್ನೆ ಜಗಳದ ಮಾತು. "ಕಳ್ಕೊಂಡ್ಬಿಟ್ಟೆ" ಎಂಬ ದುಃಖ ಬರುತ್ತದೆ, ಆ ದುಃಖ ಮಾರನೆಯ ದಿನ ಕೂರದಂತೆ ತಡೆಯುತ್ತದೆ. ಹಾಸನದ ಕಡೆಯ ಒಬ್ಬ ನರ್ಸ್ ಹೀಗೆಯೇ ಒಂದು ವರ್ಷದ ಮೇಲೆ ಬಿಟ್ಟಿದ್ದರು. ರಾತ್ರಿ ಪಾಳಿ ಮುಗಿಸಿ ಬಂದು ಕೂತಾಗ ಸಿಗುವುದು ತೂಕಡಿಕೆ ಮಾತ್ರ, ಅದನ್ನು ಧ್ಯಾನ ಅನ್ನಲು ನಾಚಿಕೆ ಎನ್ನುತ್ತಿದ್ದರು. ಅವರಿಗೆ ನಾನು ಮೊಗ್ಗಲ್ಲಾನರ ಕಥೆ ಹೇಳಿದೆ.

ಬುದ್ಧನ ಇಬ್ಬರು ಅಗ್ರಶಿಷ್ಯರಲ್ಲಿ ಒಬ್ಬರು ಮಹಾಮೊಗ್ಗಲ್ಲಾನ. ಸಂಘ ಸೇರಿದ ಹೊಸದರಲ್ಲಿ ಮಗಧದ ಒಂದು ಹಳ್ಳಿಯಲ್ಲಿ ಧ್ಯಾನಕ್ಕೆ ಕೂತವರು ಕೂತಲ್ಲೇ ತೂಕಡಿಸುತ್ತಿದ್ದರು. ಬುದ್ಧ ಅವರ ಬಳಿ ಬಂದು ಕೊಟ್ಟ ಉಪದೇಶ ಅಂಗುತ್ತರ ನಿಕಾಯದಲ್ಲಿದೆ. ಅದರಲ್ಲಿ ಬೈಗುಳ ಇಲ್ಲ, ವೈರಾಗ್ಯದ ದೊಡ್ಡ ಮಾತಿಲ್ಲ. ಯಾವ ವಿಚಾರ ಹಿಡಿದಾಗ ನಿದ್ದೆ ಬಂತೋ ಅದನ್ನು ಬಿಡು. ಆಗಲಿಲ್ಲವೋ, ಕಲಿತ ಧರ್ಮವನ್ನು ಮನಸ್ಸಿನಲ್ಲಿ ತಿರುವಿಹಾಕು. ಆಮೇಲೆ ಬಾಯಿಬಿಟ್ಟು ಪಠಿಸು. ಕಿವಿ ಎಳೆದುಕೋ, ಕೈಕಾಲು ಉಜ್ಜಿಕೋ. ಎದ್ದು ಕಣ್ಣಿಗೆ ನೀರು ಹಾಕಿಕೊಂಡು ದಿಕ್ಕುಗಳನ್ನು ನೋಡು, ತಲೆಯೆತ್ತಿ ನಕ್ಷತ್ರ ನೋಡು. ಮನಸ್ಸಿನಲ್ಲಿ ಬೆಳಕನ್ನು ತಂದುಕೋ. ಎದ್ದು ಅತ್ತಿಂದಿತ್ತ ನಡೆ. ಇದೆಲ್ಲ ಆದರೂ ನಿದ್ದೆ ಹೋಗದಿದ್ದರೆ, ಬಲಮಗ್ಗುಲಾಗಿ, ಏಳಬೇಕೆಂಬ ಎಚ್ಚರ ಇಟ್ಟುಕೊಂಡು ಮಲಗು. ಅಗ್ರಶಿಷ್ಯನಾಗುವವನಿಗೇ ಗುರು ಮಲಗಲು ಅನುಮತಿ ಕೊಟ್ಟಿದ್ದಾರೆ. ಹನ್ನೆರಡು ಗಂಟೆ ವಾರ್ಡಿನಲ್ಲಿ ನಿಂತು ಬಂದ ಹೆಣ್ಣುಮಗಳಿಗೆ ನಾವು ಯಾಕೆ ಕೊಡಬಾರದು? ಆಕೆ ಈಗ ಪಾಳಿ ಮುಗಿಸಿ ಬಂದು ಮೊದಲು ಮಲಗುತ್ತಾರೆ, ಎದ್ದು ಮುಖ ತೊಳೆದು ಕೂರುತ್ತಾರೆ. ಗಡಿಯಾರದಲ್ಲಿ ಅದು ಯಾವ ಗಂಟೆ ಎಂಬುದು ಪಾಳಿಯ ಜೊತೆ ಬದಲಾಗುತ್ತದೆ. ನಿದ್ದೆಯಿಂದ ಎದ್ದ ಮೇಲೆ, ತಿಂಡಿಗೆ ಮೊದಲು ಎಂಬುದು ಬದಲಾಗುವುದಿಲ್ಲ.

ಬಿಡುವಿಲ್ಲ ಎನ್ನುವವರಿಗೆ ನಮ್ಮ ಪರಂಪರೆಯ ಗುರುಗಳ ಬದುಕನ್ನೇ ನೆನಪಿಸುತ್ತೇನೆ. ಸಯಾಜಿ ಊ ಬಾ ಖಿನ್ ಸನ್ಯಾಸಿಯಲ್ಲ. ಗೃಹಸ್ಥರು, ಬರ್ಮಾ ಸರ್ಕಾರದ ನೌಕರರು. 1937ರಲ್ಲಿ ಸಯಾ ತೆಟ್ಜಿ ಎಂಬ ರೈತ ಗುರುವಿನಿಂದ ಧ್ಯಾನ ಕಲಿತರು. 1948ರಲ್ಲಿ ಬರ್ಮಾ ಸ್ವತಂತ್ರವಾದಾಗ ಆ ದೇಶದ ಮೊದಲ ಅಕೌಂಟೆಂಟ್ ಜನರಲ್ ಆದರು. ಒಂದೇ ಕಾಲಕ್ಕೆ ಒಂದಕ್ಕಿಂತ ಹೆಚ್ಚು ಇಲಾಖೆಗಳ ಹೊಣೆ ಹೊತ್ತ ದಿನಗಳೂ ಇದ್ದವು. ಆ ಕಡತಗಳ ನಡುವೆಯೇ ಕಚೇರಿಯ ಗುಮಾಸ್ತರಿಗೆ ಧ್ಯಾನ ಹೇಳಿಕೊಟ್ಟರು, 1952ರಲ್ಲಿ ರಂಗೂನಿನಲ್ಲಿ ಧ್ಯಾನಕೇಂದ್ರ ಕಟ್ಟಿದರು. ಅವರಲ್ಲಿಗೆ 1955ರಲ್ಲಿ ಬಂದವರು ಸತ್ಯನಾರಾಯಣ ಗೋಯೆಂಕಾ. ಮಾಂಡಲೆಯ ಮಾರವಾಡಿ ವ್ಯಾಪಾರಿ ಮನೆತನ, ಕಟ್ಟಾ ಸಂಪ್ರದಾಯಸ್ಥರು, ಮೈಗ್ರೇನಿಗೆ ಮಾರ್ಫಿನ್ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದವರು. ತಲೆನೋವು ವಾಸಿಯಾಗಲಿ ಎಂದಷ್ಟೇ ಬರುವುದಾದರೆ ಬೇಡ ಎಂದುಬಿಟ್ಟರು ಗುರು. ಇದು ಬೌದ್ಧರದ್ದಲ್ಲವೇ, ನನ್ನ ಧರ್ಮ ಏನಾಗುತ್ತದೋ ಎಂಬ ಅಳುಕಿನಲ್ಲಿ ಗೋಯೆಂಕಾ ತಿಂಗಳುಗಟ್ಟಲೆ ಹಿಂದೆ ಮುಂದೆ ನೋಡಿದರು. ಕೊನೆಗೆ ಬಂದು ಕೂತ ಮೇಲೂ ಎರಡನೇ ದಿನ ಓಡಿಹೋಗಬೇಕು ಅನ್ನಿಸಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. 1969ರಲ್ಲಿ ಭಾರತಕ್ಕೆ ಬಂದು ಈ ವಿದ್ಯೆಯನ್ನು ಮರಳಿ ತಂದುಕೊಟ್ಟವರು, ಇಗತ್ಪುರಿಯ ಧಮ್ಮಗಿರಿಯಿಂದ ಹಿಡಿದು ಬೆಂಗಳೂರಿನ ಹೊರಗೆ ಆಲೂರಿನಲ್ಲಿರುವ ಧಮ್ಮ ಪಫುಲ್ಲದವರೆಗೆ ಇಷ್ಟೆಲ್ಲ ಕೇಂದ್ರಗಳಿಗೆ ಕಾರಣರಾದವರು ಅವರೇ. ನಿಮ್ಮೊಳಗಿನ ತಡೆ ಅವರೊಳಗೂ ಇತ್ತು.

ಈಗ ಒಂದು ಗಂಟೆಯ ಮಾತಿಗೆ ಬರೋಣ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ, ವಾರಕ್ಕೊಮ್ಮೆ ಸಾಮೂಹಿಕ ಸಾಧನೆ, ವರ್ಷಕ್ಕೊಂದು ಶಿಬಿರ ಎಂಬುದು ಗುರೂಜಿ ಹೇಳಿಕೊಟ್ಟ ಕ್ರಮ. ಅದು ಸರಿಯಾದ ಕ್ರಮ. ಒಂದು ಗಂಟೆ ಕೂತಾಗ ಮೊದಲ ಇಪ್ಪತ್ತು ನಿಮಿಷದ ಗಲಾಟೆ ಇಳಿದ ಮೇಲೆ ಏನು ಕಾಣುತ್ತದೋ ಅದು ಹದಿನೈದು ನಿಮಿಷದಲ್ಲಿ ಕಾಣುವುದಿಲ್ಲ. ಆದರೆ ಒಂದು ಗಂಟೆ ಆಗುವುದಿಲ್ಲವಾದ್ದರಿಂದ ಒಂದು ನಿಮಿಷವೂ ಬೇಡ ಎಂಬ ಲೆಕ್ಕ ನಿಮ್ಮಲ್ಲಿ ಹಲವರದು. ಅದನ್ನು ಒಪ್ಪಲಾರೆ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಜಾನ್ ಕಬಾಟ್-ಜಿನ್ 1979ರಲ್ಲಿ ಶುರುಮಾಡಿದ ಎಂಟು ವಾರದ ಧ್ಯಾನ ಕಾರ್ಯಕ್ರಮದಲ್ಲಿ ದಿನಕ್ಕೆ 45 ನಿಮಿಷ ಮನೆಯಲ್ಲಿ ಅಭ್ಯಾಸ ಮಾಡಬೇಕೆಂಬ ನಿಯಮವಿದೆ. ಅಂಥ ಕಾರ್ಯಕ್ರಮಗಳ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದ 2017ರ ಒಂದು ವಿಮರ್ಶೆಯ ಪ್ರಕಾರ ಜನ ಸರಾಸರಿ ಮಾಡಿದ್ದು ಹೇಳಿದ್ದರಲ್ಲಿ ಶೇ. 64ರಷ್ಟು, ದಿನಕ್ಕೆ ಅರ್ಧ ಗಂಟೆಯ ಆಸುಪಾಸು. ವಾರವಾರ ಕರೆದು ಕೇಳುವ ಶಿಕ್ಷಕರಿದ್ದೂ ಅಷ್ಟು. ಯಾರೂ ಕೇಳದ ಮನೆಯಲ್ಲಿ ಇಪ್ಪತ್ತು ನಿಮಿಷದಿಂದ ಆರಂಭಿಸಿದರೆ ಅದರಲ್ಲಿ ಅವಮಾನವೇನೂ ಇಲ್ಲ. ಷರತ್ತು ಒಂದೇ: ಎಷ್ಟು ಎಂದುಕೊಂಡಿರೋ ಅಷ್ಟು ಹೊತ್ತು ಪೂರ್ತಿ ಕೂರಿ. ಚೆನ್ನಾಗಿ ಆಗುತ್ತಿದೆ ಎಂದು ಹೆಚ್ಚು ಕೂರುವುದು, ಆಗುತ್ತಿಲ್ಲ ಎಂದು ಬೇಗ ಏಳುವುದು, ಎರಡೂ ಬೇಡ. ಇಪ್ಪತ್ತು ನಿಮಿಷ ಗಟ್ಟಿಯಾಗಿ ನಿಂತ ಮೇಲೆ ಅದನ್ನು ಬೆಳೆಸಿ, ಒಂದು ಗಂಟೆಗೆ ತಂದು ನಿಲ್ಲಿಸಿ.

ಎಷ್ಟು ದಿನ ಬೇಕು ಎಂದು ಕೇಳುತ್ತೀರಿ. ನಮ್ಮಲ್ಲಿ ಮಂಡಲ ಎಂದರೆ 48 ದಿನ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತಿತರರು 96 ಜನರನ್ನಿಟ್ಟುಕೊಂಡು ಮಾಡಿದ, 2010ರಲ್ಲಿ ಮುದ್ರಣವಾದ ಅಧ್ಯಯನದಲ್ಲಿ ಒಂದು ಹೊಸ ರೂಢಿ ತಾನಾಗಿ ನಡೆಯುವಂತಾಗಲು ನಡುಮಟ್ಟಕ್ಕೆ 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನವಾದೀತೆಂಬ ಅಂದಾಜು ಬಂತು. ನನಗೆ ಇದರಲ್ಲಿ ತುಂಬ ಹಿಡಿಸಿದ ಅಂಶ ಬೇರೆಯದು: ನಡುವೆ ಒಂದು ದಿನ ತಪ್ಪಿದರೆ ರೂಢಿ ಕಟ್ಟುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಾಗಲಿಲ್ಲ. ಮದುವೆ ಮನೆ, ಜ್ವರ, ರಾತ್ರಿ ಬಸ್ಸಿನ ಪ್ರಯಾಣ, ಇವೆಲ್ಲ ಬರುತ್ತವೆ. ತಪ್ಪಿದ ಮಾರನೆಯ ಬೆಳಿಗ್ಗೆ, ಬಿಟ್ಟೇಹೋಯಿತು ಎಂಬ ಕೊರಗಿಲ್ಲದೆ ಹೋಗಿ ಕೂತರೆ ಸಾಕು.

ಹೆಣ್ಣುಮಕ್ಕಳಿಗೆ ಎರಡು ಮಾತು ಪ್ರತ್ಯೇಕವಾಗಿ ಹೇಳಬೇಕು. ನಿಮ್ಮ ತಡೆ ಒಳಗಿನದಷ್ಟೇ ಅಲ್ಲ. ಬೆಳಿಗ್ಗೆ ಐದೂವರೆಗೆ ಬಾಗಿಲು ಮುಂದೆ ಮಾಡಿ ಕೂತರೆ "ಕಾಫಿ ಆಯ್ತೇನಮ್ಮಾ?" ಎಂಬ ದನಿ ಬರುತ್ತದೆ. ಗಂಡಸು ಕಣ್ಣು ಮುಚ್ಚಿ ಕೂತರೆ ಮನೆಯವರು ಮೆಲ್ಲಗೆ ಓಡಾಡುತ್ತಾರೆ, ಹೆಂಗಸು ಕೂತರೆ ಮಿಕ್ಸಿ ಎಲ್ಲಿದೆ ಎಂದು ಕೇಳುತ್ತಾರೆ. ಇದನ್ನು ಒಳಗೊಳಗೇ ನುಂಗಿಕೊಂಡು ಕೂರುವುದು ಬೇಡ. ಅತ್ತೆಯವರಿಗೆ, ಗಂಡನಿಗೆ, ಬುದ್ಧಿ ಬಂದ ಮಕ್ಕಳಿಗೆ ಹೊತ್ತು ಹೇಳಿ: ಇಷ್ಟರಿಂದ ಇಷ್ಟರವರೆಗೆ ನಾನು ಸಿಗುವುದಿಲ್ಲ, ಡಿಕಾಕ್ಷನ್ ಹಾಕಿಟ್ಟಿದ್ದೇನೆ, ಹಾಲು ಬೆಚ್ಚಗೆ ಮಾಡಿಕೊಳ್ಳಿ. ಜಗಳದ ದನಿ ಬೇಡ, ಕ್ಷಮೆ ಕೇಳುವ ದನಿಯೂ ಬೇಡ. ಅತ್ತೆಯವರು ಜಪಕ್ಕೋ ಪೂಜೆಗೋ ಕೂರುವವರಾಗಿದ್ದರೆ ಅದೇ ಹೊತ್ತಿಗೆ ನೀವೂ ಕೂರಬಹುದೇ ಎಂದು ಕೇಳಿ. ತುಮಕೂರಿನ ಒಂದು ಮನೆಯಲ್ಲಿ ಅತ್ತೆ ದೇವರ ಮನೆಯಲ್ಲಿ ಜಪ ಮಾಡುತ್ತಾರೆ, ಸೊಸೆ ಹೊಸಿಲಿನ ಈಚೆ ಕೂರುತ್ತಾಳೆ. ಇಬ್ಬರೂ ಏಳುವತನಕ ಆ ಮನೆಯಲ್ಲಿ ಯಾರಿಗೂ ಕಾಫಿ ಇಲ್ಲ, ಯಾರೂ ಕೇಳುವುದೂ ಇಲ್ಲ.

ಒಂದು ಎಚ್ಚರಿಕೆ ಹೇಳದಿದ್ದರೆ ಈ ಪತ್ರ ಅಪೂರ್ಣ. ಎಲ್ಲ ತಡೆಯೂ ದಾಟಬೇಕಾದ ತಡೆಯಲ್ಲ. ಕಣ್ಣು ಮುಚ್ಚಿದ ಕೂಡಲೇ ಹಳೆಯ ಆಘಾತ ಕಣ್ಣಮುಂದೆ ಬಂದು ನಿಲ್ಲುವುದು, ದಿನಗಟ್ಟಲೆ ನಿದ್ದೆ ಬಾರದಿರುವುದು, ವಿಪರೀತ ಹೆದರಿಕೆ, ನಾನು ನಾನಲ್ಲ ಎಂಬಂಥ ಅನುಭವ, ಇವು ಇದ್ದರೆ ಬಲವಂತವಾಗಿ ಕೂರಬೇಡಿ. ಸಹಾಯಕ ಆಚಾರ್ಯರಿಗೆ ಹೇಳಿ, ಮನೋವೈದ್ಯರನ್ನೂ ಕಾಣಿ. ಮಾತ್ರೆ ತೆಗೆದುಕೊಳ್ಳುತ್ತಿರುವವರು ಧ್ಯಾನ ಶುರುಮಾಡಿದೆವೆಂದು ಅದನ್ನು ತಾವಾಗಿ ನಿಲ್ಲಿಸಕೂಡದು. ಅಂಥ ತಡೆ ನಿಮ್ಮನ್ನು ಕಾಯುತ್ತಿದೆ, ಅದರ ಮಾತು ಕೇಳಿ.

ಮಿಕ್ಕವರಿಗೆ ನನ್ನ ಕೊನೆಯ ವಿನಂತಿ ಸಾಮೂಹಿಕ ಸಾಧನೆಯದು. ಒಬ್ಬರೇ ಕೂತು ಕೂತು ಸೋತವರು ಇನ್ನೊಬ್ಬರ ಪಕ್ಕ ಕೂತಾಗ ಮತ್ತೆ ಹಿಡಿದುಕೊಂಡದ್ದನ್ನು ಬೇಕಾದಷ್ಟು ನೋಡಿದ್ದೇನೆ. ಹತ್ತು ದಿನದ ಶಿಬಿರ ಮುಗಿಸಿದವರಿಗೆ ಒಂದು ದಿನದ ಶಿಬಿರಗಳಿರುತ್ತವೆ, ಹಲವು ಊರುಗಳಲ್ಲಿ ಸಾಧಕರ ಮನೆಗಳಲ್ಲೇ ವಾರಕ್ಕೊಂದು ಗಂಟೆ ಕೂರುತ್ತಾರೆ. ನಿಮ್ಮ ಊರಿನಲ್ಲಿ ಎಲ್ಲಿ ಎಂದು ಕೇಂದ್ರಕ್ಕೆ ಫೋನ್ ಮಾಡಿ ಕೇಳಿ. ಎಲ್ಲೂ ಇಲ್ಲವಾದರೆ ನಿಮ್ಮ ಜೊತೆ ಶಿಬಿರ ಮಾಡಿದ ಒಬ್ಬರಿಗಾದರೂ ಇವತ್ತೇ ಕರೆ ಮಾಡಿ. ಅವರ ದಿಂಬೂ ಬೀರುವಿನಲ್ಲೇ ಇರಬಹುದು. ಭಾನುವಾರ ಯಾರ ಮನೆ, ಎಷ್ಟು ಗಂಟೆಗೆ ಎಂದು ಗೊತ್ತುಮಾಡಿಕೊಳ್ಳಿ.

ಮಂಗಳ ಹಾರೈಕೆಯೊಂದಿಗೆ,

ನಿಮ್ಮ ಜೊತೆಯ ಸಾಧಕಿ